ಸುಶಿ ಅಂದ್ರೆ ಹಸಿ ಮೀನಲ್ಲ, ನನ್ನ ಮೆಸೇಜ್ ತಪ್ಪು

ಮಡಿಕೇರಿಯಲ್ಲಿ ಜಪಾನಿನ ತಿನಿಸು ಸುಶಿ ತಿಂದು ಬಂದ ರಾತ್ರಿ ನಾನು ಹಾಕಿದ್ದ ‘ಸುಶಿ ಅಂದ್ರೆ ಹಸಿ ಮೀನು, ಸಸ್ಯಾಹಾರಿಗಳು ಹೋಗಬೇಡಿ’ ಅನ್ನೋ ಮೆಸೇಜ್ ಈಗ ವಿರಾಜಪೇಟೆ, ಕುಶಾಲನಗರದ ಗ್ರೂಪುಗಳಲ್ಲೂ ಓಡಾಡುತ್ತಿದೆ. ಅದು ತಪ್ಪು, ಕ್ಷಮಿಸಿ. ಮತ್ತೆ ಹೋಗಿ ಅಡುಗೆಯವರನ್ನೇ ಕೇಳಿದೆ. ಬಿದಿರಿನ ಚಾಪೆ ಮೇಲೆ ಅನ್ನ ಹರಡಿ, ಸೌತೆಕಾಯಿ ಇಟ್ಟು ಸುತ್ತಿ ತೋರಿಸಿದರು. ಸುಶಿ ಅಂದ್ರೆ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿದ ಅನ್ನದ ತಿನಿಸು. ಬರೀ ಹಸಿ ಮೀನಿನ ತುಂಡು ಸಾಶಿಮಿ. ನಮ್ಮ ಕೊಡಗಿನ ಕಡಂಬುಟ್ಟು ಅನ್ನೋ ಕಡುಬು ಅಕ್ಕಿ ತರಿಯದ್ದು, ಹಂದಿ ಮಾಂಸದ ಪಂದಿ ಕರಿ ಅದರ ಜೊತೆಗೆ ಬರೋದು, ಅಲ್ವಾ? ಹಾಗೇ ಸುಶಿಯಲ್ಲೂ ಅನ್ನವೇ ಮುಖ್ಯ, ಮೀನು ಜೊತೆಗೆ ಬರೋದು. ಸುತ್ತಿರುವ ಕಪ್ಪು ಹಾಳೆ ನೋರಿ ಕೂಡ ಮೀನಿನ ಚರ್ಮ ಅಲ್ಲ, ಸಮುದ್ರದ ಪಾಚಿ. ಆದರೆ ಕೆಲವು ತರಕಾರಿ ಸುಶಿಗೂ ದಾಶಿ ಅನ್ನೋ ಮೀನಿನ ಸಾರು ಬಳಸುವುದುಂಟು, ಸಸ್ಯಾಹಾರಿಗಳು ಕೇಳಿಕೊಂಡೇ ತಿನ್ನಿ. ಹಳೇ ಮೆಸೇಜ್ ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.