ಲೇಔಟ್ ಮಾಡೋ ಮುಂಚೆ ನಾಲ್ಕು ಗುಂಡಿ ತೆಗೆದು ನೋಡಿ

ನಮ್ಮೂರ ಪಕ್ಕದ ಹಾಳೂರು ದಿಬ್ಬ ಈ ಬೇಸಿಗೆಯಲ್ಲಿ ಹೋಯಿತು. ಎರಡು ಜೆಸಿಬಿ, ಮೂರೇ ದಿನ. ಈಗ ಅಲ್ಲಿ ಸೈಟಿನ ಕಲ್ಲು ನೆಟ್ಟಿದ್ದಾರೆ. ನಾನು ಹೋಗುವಷ್ಟರಲ್ಲಿ ಟಿಪ್ಪರ್ ಓಡಾಡಿದ ಜಾಡಿನಲ್ಲಿ ಮಡಕೆ ಚೂರುಗಳು ಬಿದ್ದಿದ್ದವು. ಒಂದನ್ನು ಎತ್ತಿ ಒರೆಸಿದೆ. ಒಳಗೆ ಕಪ್ಪು, ಹೊರಗೆ ಕೆಂಪು, ಮೈ ನುಣ್ಣಗೆ. ಕಬ್ಬಿಣ ಯುಗದ ಗೋರಿಗಳಲ್ಲಿ ಸಿಗೋದು ಇಂಥವೇ. ಆದರೆ ಇದು ಯಾವ ಪದರದಲ್ಲಿತ್ತು? ಪಕ್ಕದಲ್ಲಿ ಒಲೆ ಇತ್ತಾ, ಮೂಳೆ ಇತ್ತಾ? ಇನ್ನು ಯಾರಿಗೂ ಗೊತ್ತಾಗಲ್ಲ. ಹೊಟ್ಟೆ ಉರಿಯುತ್ತೆ.

ಇಂಗ್ಲೆಂಡಿನಲ್ಲಿ 1990ರಿಂದ ಬೇರೆ ಪದ್ಧತಿ ಇದೆ. ಹೊಲದಲ್ಲಿ ಮನೆ ಕಟ್ಟಲು ಅನುಮತಿ ಕೇಳಿದಾಗ, ನೆಲದಡಿ ಹಳೆಯದೇನೋ ಇರಬಹುದು ಅನಿಸಿದರೆ ಮೊದಲು ಟ್ರಯಲ್ ಟ್ರೆಂಚ್, ಅಂದರೆ ಪರೀಕ್ಷೆಗೆಂದು ಉದ್ದನೆ ಗುಂಡಿ ತೆಗೆಸುತ್ತಾರೆ. ಸಾಮಾನ್ಯವಾಗಿ ಜಮೀನಿನ ನೂರರಲ್ಲಿ 2ರಿಂದ 5 ಭಾಗ ಅಗೆದರೆ ಸಾಕು. ಅದಕ್ಕೂ ಜೆಸಿಬಿ ಥರದ ಯಂತ್ರವೇ, ಆದರೆ ಬಕೆಟ್ಟಿಗೆ ಹಲ್ಲಿರಲ್ಲ. ಮಣ್ಣನ್ನು ತೆಳ್ಳಗೆ ಹೆರೆಯುತ್ತಾ ಹೋಗುತ್ತದೆ. ಪಕ್ಕದಲ್ಲೇ ಒಬ್ಬರು ಮಣ್ಣಿನ ಬಣ್ಣ ನೋಡುತ್ತಾ ನಿಂತಿರುತ್ತಾರೆ. ಬಣ್ಣ ಬದಲಾಯಿತೋ, ಯಂತ್ರ ನಿಲ್ಲಿಸೋಕೆ ಕೈ ಎತ್ತುತ್ತಾರೆ. ತಿಳಿ ಮಣ್ಣಿನಲ್ಲಿ ಉದ್ದನೆ ಕಪ್ಪು ಪಟ್ಟೆ ಕಂಡರೆ ಅದು ಎಂದೋ ಮುಚ್ಚಿಹೋದ ಕಾಲುವೆ ಇರಬಹುದು. ದುಂಡನೆ ಕಲೆ ಕಂಡರೆ ಮನೆಯ ಕಂಬ ನೆಟ್ಟ ಗುಳಿ ಇರಬಹುದು. ಖರ್ಚು ಕಟ್ಟುವವರದ್ದೇ. ಏನೂ ಸಿಗದಿದ್ದರೆ ಕೆಲಸ ಶುರು.

ನಮ್ಮಲ್ಲಿ ಹಳೆಯ ಸ್ಮಾರಕಗಳನ್ನು ಕಾಪಾಡಲು 1958ರ ಕಾಯ್ದೆ ಇದೆ. 2010ರ ತಿದ್ದುಪಡಿ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ಸರಿಯೇ. ಆದರೆ ಯಾವ ಪಟ್ಟಿಯಲ್ಲೂ ಇಲ್ಲದ ದಿಬ್ಬವನ್ನು ಕೇಳೋರು ಯಾರು? ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದದ್ದು ಗುಡಿಯ ಚಾವಣಿ ಕುಸಿದ ಮೇಲೆ. ಪಕ್ಕದ ಕನಗನಹಳ್ಳಿಯಲ್ಲಿ 90ರ ದಶಕದಲ್ಲಿ ಅಗೆದಾಗ ದೊಡ್ಡ ಸ್ತೂಪ ಸಿಕ್ಕಿತು. ಅದರಲ್ಲಿ ಅಶೋಕನದೇ ಶಿಲ್ಪ, ಹೆಸರು ಸಮೇತ. ಅಲ್ಲಿ ಮೊದಲೇ ಯಾರಾದರೂ ಮಣ್ಣು ಹೊಡೆದು ಸಮ ಮಾಡಿಬಿಟ್ಟಿದ್ದರೆ?

ರೈತರಿಗೆ ಭಯ ಇದೆ, ಅದು ಸುಮ್ನೆ ಅಲ್ಲ. 'ಒಂದು ಕಲ್ಲು ಸಿಕ್ಕಿದರೆ ಜಮೀನೇ ಹೋಗುತ್ತಪ್ಪಾ' ಅಂತ ನಮ್ಮ ದೊಡ್ಡಪ್ಪ ಈಗಲೂ ಹೇಳುತ್ತಾರೆ. ಉಳುವಾಗ ಸಿಕ್ಕಿದ್ದನ್ನು ಬದುವಿನಲ್ಲಿ ಹೂತು ಸುಮ್ಮನಾದವರು ನಮ್ಮೂರಲ್ಲೇ ಇದ್ದಾರೆ. ಅದಕ್ಕೇ ಹೇಳೋದು, ನಮ್ಮಲ್ಲೂ ಲೇಔಟಿಗೆ ಮುಂಚೆ ಹೀಗೆ ಗುಂಡಿ ತೆಗೆಸಲಿ, ಆದರೆ ಖರ್ಚು ಲೇಔಟ್ ಮಾಡುವವರ ಮೇಲಿರಲಿ, ರೈತನ ಮೇಲಲ್ಲ. ನೋಡಿ, ಅಳೆದು, ಫೋಟೋ ತೆಗೆದು, ದಾಖಲೆ ಮಾಡಿ ಇಂತಿಷ್ಟು ದಿನದಲ್ಲಿ ಜಮೀನು ಬಿಟ್ಟುಕೊಡಬೇಕು ಅಂತ ನಿಯಮದಲ್ಲೇ ಬರೆಯಲಿ.

ಲೇಔಟಿನ ಎರಡನೇ ಹಂತ ಕೆರೆಯ ಆಚೆ ದಂಡೆಗೆ ಬರುತ್ತದಂತೆ. ಅಲ್ಲೂ ಉಳುವಾಗ ಚೂರು ಸಿಗುತ್ತವೆ. ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಅರ್ಜಿ ಬರೆದಿಟ್ಟಿದ್ದೇನೆ. ಊರಿನವರು ಭಾನುವಾರ ಮನೆಗೆ ಬನ್ನಿ, ಸಹಿ ಹಾಕಿ.