ಸತ್ಯಾಂಶ: ಐಪಿ65 ದೀಪವೊಂದೇ ಧಾನ್ಯದ ಧೂಳಿನ ಸ್ಫೋಟ ತಡೆಯದು

‘ಐಪಿ65 ದೀಪ ಹಾಕಿದರೆ ಧಾನ್ಯದ ಗೋದಾಮಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ ಸ್ಫೋಟದ ಭಯವಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಅರ್ಧ ಸತ್ಯ. ಅದಕ್ಕೇ ಹೆಚ್ಚು ಅಪಾಯ.

ಐಪಿ ಎಂಬುದು ಉಪಕರಣದ ಕವಚ ಧೂಳು, ನೀರನ್ನು ಎಷ್ಟು ತಡೆಯುತ್ತದೆಂದು ಹೇಳುವ ದರ್ಜೆ. ಅದರಲ್ಲಿ 6 ಎಂದರೆ ಧೂಳು ಒಳಹೋಗದು, 5 ಎಂದರೆ ನೀರಿನ ಧಾರೆ ತಡೆಯುತ್ತದೆ, ಅಷ್ಟೇ. ಹೊರಮೈ ಎಷ್ಟು ಬಿಸಿಯಾಗುತ್ತದೆಂದು ಆ ಅಂಕಿ ಹೇಳುವುದಿಲ್ಲ. ಮೇಲೆ ಕೂತ ಧೂಳು ಕಂಬಳಿಯಂತೆ ಶಾಖ ಹಿಡಿದಿಡುತ್ತದೆ; ಪದರ ದಪ್ಪವಾದಷ್ಟೂ ಕಡಿಮೆ ತಾಪಮಾನದಲ್ಲೇ ಹೊತ್ತಿಕೊಳ್ಳುತ್ತದೆ. 5 ಮಿ.ಮೀ. ಪದರ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊತ್ತುವಂಥದ್ದಾದರೆ ಉಪಕರಣದ ಮೈ 225 ಮೀರಬಾರದು. 75 ಡಿಗ್ರಿ ಅಂತರ ಬೇಕೇ ಬೇಕು. ಪದರ ಇನ್ನೂ ದಪ್ಪವಿದ್ದರೆ ಈ ಲೆಕ್ಕವೂ ಸಾಲದು. ಕೊಳ್ಳುವಾಗ ಫಲಕದಲ್ಲಿ ಧೂಳಿಗೆಂದೇ ಇರುವ ‘ಎಕ್ಸ್’ (Ex, ಸ್ಫೋಟದ ಅಪಾಯವಿರುವೆಡೆ ಬಳಸುವ ಉಪಕರಣದ ಚಿಹ್ನೆ) ಗುರುತು ಮತ್ತು ಗರಿಷ್ಠ ತಾಪಮಾನ ನೋಡಿ. ಕೇಬಲ್ ಗ್ಲ್ಯಾಂಡ್ (ಕೇಬಲ್ ಒಳಹೋಗುವ ರಂಧ್ರವನ್ನು ಬಿಗಿಯಾಗಿ ಮುಚ್ಚುವ ಭಾಗ) ಸಹ ಅದೇ ದರ್ಜೆಯದಿರಲಿ. ಮುಚ್ಚದ ಒಂದು ರಂಧ್ರ ಉಳಿದರೂ ಕವಚ ವ್ಯರ್ಥ.

ದೀಪಕ್ಕಿಂತ ನೆಲದತ್ತ ಹೆಚ್ಚು ಗಮನ ಬೇಕು. ಘನಮೀಟರಿಗೆ 500 ಕೆ.ಜಿ. ತೂಗುವ ಧೂಳಿನ 1 ಮಿ.ಮೀ. ಪದರ 5 ಮೀಟರ್ ಎತ್ತರದ ಕೋಣೆಯಲ್ಲಿ ಪೂರ್ತಿ ಎದ್ದರೆ ಘನಮೀಟರಿಗೆ 100 ಗ್ರಾಂ ಆಗುತ್ತದೆ. ಧಾನ್ಯದ ಧೂಳು ಸಿಡಿಯಲು ಅಷ್ಟು ಸಾಕು. ಆದ್ದರಿಂದ ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಕೂಡ ಬಳಸಬೇಡಿ. ಅದರ ಮೋಟಾರಿನ ಕಿಡಿಯೇ ಸಾಕಾದೀತು. ಧೂಳಿನ ಸ್ಫೋಟದ ಅಪಾಯವಿರುವೆಡೆಗೆಂದೇ ಪ್ರಮಾಣೀಕರಿಸಿದ ಯಂತ್ರದಿಂದ ಹೀರಿಸಿ, ತೊಲೆಗಳ ಮೇಲ್ಭಾಗವನ್ನೂ ಬಿಡದೆ.