ಅಗ್ಗದ ಸೆನ್ಸರ್‌ಗೆ ಕೇಳಬೇಕಾದ ಪ್ರಶ್ನೆ

ಗಾಳಿ ಅಳೆಯುವ ಸಣ್ಣ ಸೆನ್ಸರ್ ಒಂದನ್ನು ಮನೆ ಹೊರಗೆ ಇಟ್ಟವರನ್ನು ಜನ ಮೊದಲು ಕೇಳುವುದು ಒಂದೇ ಮಾತು. "ಇದು ತೋರಿಸೋ ನಂಬರ್ ಸರಿ ಇರುತ್ತಾ?"

ಪೂರ್ತಿ ಸರಿ ಇರುವುದಿಲ್ಲ. ಆದರೂ ಇಡಿ ಅನ್ನುತ್ತೇನೆ ನಾನು. ಈ ಎರಡೂ ಮಾತು ಒಟ್ಟಿಗೆ ಹೇಗೆ ನಿಜ ಅಂತ ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಓದಿ.

ಮೊದಲು ಆ ಸಾಧನದ ಒಳಗೆ ಏನಾಗುತ್ತದೆ ನೋಡೋಣ. ಪುಟ್ಟ ಫ್ಯಾನ್ ಒಂದು ಗಾಳಿಯನ್ನು ಒಳಗೆ ಎಳೆಯುತ್ತದೆ. ಆ ಗಾಳಿಯ ಮೇಲೆ ಲೇಸರ್ ಬೆಳಕು ಬೀಳುತ್ತದೆ. ಗಾಳಿಯಲ್ಲಿರುವ ಕಣಗಳಿಗೆ ತಾಗಿ ಬೆಳಕು ಚದುರುತ್ತದೆ. ಆ ಚದುರಿದ ಬೆಳಕನ್ನು ಹಿಡಿದು, ಇಷ್ಟು ಕಣ ಇರಬಹುದು, ಇಷ್ಟು ತೂಕ ಇರಬಹುದು ಅಂತ ಚಿಪ್ ಲೆಕ್ಕ ಹಾಕುತ್ತದೆ. ಅಂದರೆ ದೂಳನ್ನು ಯಾರೂ ಇಲ್ಲಿ ತೂಗುತ್ತಿಲ್ಲ. ಬೆಳಕು ನೋಡಿ ತೂಕದ ಅಂದಾಜು ಸಿಗುತ್ತಿದೆ ಅಷ್ಟೆ. ಪರದೆಯ ಮೇಲೆ ಕಾಣುವ ಪಿಎಂ 2.5 ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣ. ನಮ್ಮ ತಲೆಗೂದಲಿನ ದಪ್ಪವೇ 50ರಿಂದ 70 ಮೈಕ್ರೋಮೀಟರ್. ಅಷ್ಟು ಸಣ್ಣದರ ಸುಳಿವನ್ನು ಅಂಗೈಯಗಲದ ಸಾಧನ ಹಿಡಿಯುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗಿನ ವಿಷಯ.

ತೊಂದರೆ ಕೊಡುವುದು ತೇವ. ಗಾಳಿಯಲ್ಲಿ ತೇಲುವ ಎಷ್ಟೋ ಕಣಗಳು, ಮಳೆಗಾಲದಲ್ಲಿ ಉಪ್ಪು ನೀರೊಡೆಯುವ ಹಾಗೆ, ತೇವ ಹೀರಿ ಊದಿಕೊಳ್ಳುತ್ತವೆ. ಊದಿದ ಕಣ ಬೆಳಕನ್ನು ಜಾಸ್ತಿ ಚದುರಿಸುತ್ತದೆ. ದೂಳೇ ಜಾಸ್ತಿಯಾಗಿದೆ ಅಂತ ಸೆನ್ಸರ್ ತಿಳಿಯುತ್ತದೆ. ಅಧಿಕೃತ ಮಾಪನ ಕೇಂದ್ರಗಳ ಯಂತ್ರಗಳಲ್ಲಿ ಈ ತೇವವನ್ನು ತಗ್ಗಿಸುವ ಏರ್ಪಾಡು ಇರುತ್ತದೆ. ಅಗ್ಗದ ಸಾಧನಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಮಂಜು ಕವಿದ ಬೆಳಗ್ಗೆ ಅವು ಸುಮ್ನೆ ದೊಡ್ಡ ನಂಬರ್ ತೋರಿಸುತ್ತವೆ. ಇನ್ನೊಂದು ಕಡೆ, ರಸ್ತೆ ಅಗೆದಾಗ ಏಳುವ ಮಣ್ಣಿನ ದಪ್ಪ ಕಣಗಳನ್ನು ಅವು ಸರಿಯಾಗಿ ಹಿಡಿಯುವುದಿಲ್ಲ. ಅದೇ ಪರದೆಯ ಮೇಲೆ ಪಿಎಂ 10 (10 ಮೈಕ್ರೋಮೀಟರ್‌ವರೆಗಿನ ಕಣ) ಅಂತ ಇನ್ನೊಂದು ನಂಬರ್ ಇರುತ್ತದಲ್ಲ, ಅದರ ಮೇಲೆ ನಾನು ಭಾರ ಹಾಕುವುದಿಲ್ಲ.

ಇಷ್ಟು ಕೇಳಿದವರು "ಹಾಗಾದರೆ ಇದು ಆಟಿಕೆ" ಅಂದುಬಿಡುತ್ತಾರೆ. ನನ್ನ ತಕರಾರು ಶುರುವಾಗುವುದೇ ಅಲ್ಲಿ. ಈ ತಪ್ಪಿಗೆ ಒಂದು ಕ್ರಮ ಇದೆ. ಯಾವಾಗ ತಪ್ಪುತ್ತದೆ, ಯಾವ ಕಡೆಗೆ ತಪ್ಪುತ್ತದೆ ಅಂತ ಗೊತ್ತಿದ್ದರೆ ಅದನ್ನು ತಿದ್ದಬಹುದು. ಅಮೆರಿಕದಲ್ಲಿ ಜನ ಮನೆಮನೆಗೆ ಹಾಕಿಕೊಂಡ ಪರ್ಪಲ್‌ಏರ್ ಸೆನ್ಸರ್‌ಗಳನ್ನು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಅಧಿಕೃತ ಯಂತ್ರಗಳ ಜೊತೆ ಹೋಲಿಸಿ ನೋಡಿದರು. ಕಚ್ಚಾ ರೀಡಿಂಗ್ ಸುಮಾರು ಶೇಕಡ 40ರಷ್ಟು ಜಾಸ್ತಿ ಬರುತ್ತಿತ್ತು. ಅವರು ಮಾಡಿದ್ದೇನು? ಸೆನ್ಸರ್‌ನ ರೀಡಿಂಗ್ ಮತ್ತು ಗಾಳಿಯ ತೇವಾಂಶ, ಈ ಎರಡನ್ನೇ ಹಾಕಿ ಒಂದು ಸರಳ ಸೂತ್ರ ಮಾಡಿದರು. ಕಾಳ್ಗಿಚ್ಚಿನ ಹೊಗೆ ತೋರಿಸುವ ಅಧಿಕೃತ ಮ್ಯಾಪಿಗೆ 2020ರಲ್ಲಿ ಇದೇ ಸೆನ್ಸರ್‌ಗಳ ತಿದ್ದಿದ ಡೇಟಾ ಸೇರಿತು. ಮಾಪನ ಕೇಂದ್ರವೇ ಇಲ್ಲದ ಊರುಗಳಿಗೆ ಹೊಗೆ ಎಲ್ಲಿಗೆ ಬಂದಿದೆ ಅಂತ ಗೊತ್ತಾಗಿದ್ದು ಹೀಗೆ. ಆ ಸಾಧನದ ಇನ್ನೊಂದು ಗುಣ ನನಗೆ ಇಷ್ಟ. ಅದರೊಳಗೆ ಕಣ ಎಣಿಸುವ ಒಂದೇ ಥರದ ಎರಡು ಲೇಸರ್ ಕೌಂಟರ್ ಇರುತ್ತವೆ. ಎರಡೂ ಬೇರೆ ಬೇರೆ ಹೇಳತೊಡಗಿದರೆ ಏನೋ ಕೆಟ್ಟಿದೆ ಅಂತ ತಕ್ಷಣ ತಿಳಿಯುತ್ತದೆ.

‘ಎಷ್ಟು’ ಅನ್ನುವ ಪ್ರಶ್ನೆಗೆ ಅಗ್ಗದ ಸೆನ್ಸರ್ ದುರ್ಬಲ. ‘ಯಾವಾಗ’, ‘ಎಲ್ಲಿ’ ಅನ್ನುವ ಪ್ರಶ್ನೆಗಳಿಗೆ ಗಟ್ಟಿ. ಮತ್ತು ನಗರದಲ್ಲಿ ಬದುಕುವವರಿಗೆ ದಿನಾ ಬೇಕಾಗುವುದು ಈ ಎರಡು ಪ್ರಶ್ನೆಗಳ ಉತ್ತರವೇ ಅಲ್ವಾ? ಮಗುವನ್ನು ಯಾವ ಹೊತ್ತಿನಲ್ಲಿ ಆಡಲು ಬಿಡಲಿ? ಉಬ್ಬಸ ಇರುವ ಅಪ್ಪ ಯಾವ ರಸ್ತೆಯಲ್ಲಿ ವಾಕಿಂಗ್ ಹೋಗಲಿ? ರಾತ್ರಿ ಮೂಗಿಗೆ ಬಡಿಯುವ ಸುಟ್ಟ ವಾಸನೆ ದಿನಾ ಒಂದೇ ಹೊತ್ತಿಗೆ ಬರುತ್ತಿದೆಯಾ? ನಗರದ ಇನ್ಯಾವುದೋ ಮೂಲೆಯಲ್ಲಿರುವ ಕೇಂದ್ರದ ಯಂತ್ರ ಎಷ್ಟೇ ನಿಖರವಾಗಿದ್ದರೂ ಇವಕ್ಕೆ ಉತ್ತರ ಕೊಡಲಾರದು.

ರಾತ್ರಿಯ ಹೊಗೆಯನ್ನೇ ತೆಗೆದುಕೊಳ್ಳಿ. ತೇವದಿಂದ ಏರುವ ರೀಡಿಂಗ್ ಗಂಟೆಗಟ್ಟಲೆ ನಿಧಾನವಾಗಿ ಏರುತ್ತದೆ, ಬಿಸಿಲು ಬಂದ ಮೇಲೆ ನಿಧಾನವಾಗಿ ಇಳಿಯುತ್ತದೆ. ಹತ್ತಿರದಲ್ಲಿ ಯಾರಾದರೂ ಕಸ ಸುಟ್ಟರೆ ಗ್ರಾಫ್ ಥಟ್ಟನೆ ಮೇಲೇಳುತ್ತದೆ, ಬೆಂಕಿ ಆರಿ ಗಾಳಿ ಬೀಸಿದರೆ ಅಷ್ಟೇ ಬೇಗ ಕೆಳಗೆ ಬರುತ್ತದೆ. ಗೆರೆಯ ಆಕಾರವೇ ಬೇರೆ. ಕೆಲವು ವಾರ ಅದನ್ನು ನೋಡುತ್ತಾ ಬಂದವರಿಗೆ ಅದು ಕಣ್ಣಿಗೆ ಹೊಡೆಯುತ್ತದೆ. ಜೊತೆಗೆ ಎರಡು ಮನೆ ಆಚೆಯ ಸೆನ್ಸರ್‌ನಲ್ಲೂ ಅದೇ ಹೊತ್ತಿಗೆ ಅದೇ ಗೆರೆ ಎದ್ದಿದ್ದರೆ, ನಂಬರ್ 90 ಇತ್ತೋ 130 ಇತ್ತೋ ಅನ್ನುವ ಜಗಳ ದೊಡ್ಡದಲ್ಲ. ಆ ಹೊತ್ತಿಗೆ ಅಲ್ಲಿ ಏನೋ ಉರಿದಿದೆ.

ಒಂಟಿ ಸೆನ್ಸರ್‌ಗಿಂತ ಜೊತೆಯಾಗಿ ಅಳೆಯುವುದು ಮುಖ್ಯ ಅನ್ನುವುದನ್ನು ಜರ್ಮನಿಯ ಸ್ಟುಟ್‌ಗಾರ್ಟ್‌ನವರು ಚೆನ್ನಾಗಿ ತೋರಿಸಿದರು. 2015ರಲ್ಲಿ ಅಲ್ಲಿನ ಕೆಲವು ಆಸಕ್ತರು ಲುಫ್ಟ್‌ಡಾಟೆನ್ ಅನ್ನುವ ಕೆಲಸ ಶುರು ಮಾಡಿದರು. ಬಾಗಿದ ಎರಡು ಪ್ಲಾಸ್ಟಿಕ್ ಪೈಪ್ ತುಂಡು, ಒಳಗೆ ಒಂದು ದೂಳಿನ ಸೆನ್ಸರ್, ಒಂದು ವೈಫೈ ಬೋರ್ಡ್. ಯಾರು ಬೇಕಾದರೂ ಮನೆಯಲ್ಲೇ ಜೋಡಿಸಬಹುದು. ಈಗ ಅದು ಸೆನ್ಸರ್ ಡಾಟ್ ಕಮ್ಯುನಿಟಿ ಹೆಸರಿನಲ್ಲಿ ಹತ್ತಾರು ದೇಶಗಳಿಗೆ ಹಬ್ಬಿದೆ. ಡೇಟಾ ಎಲ್ಲರಿಗೂ ತೆರೆದಿದೆ.

‘ಎಲ್ಲಿ’ ಅನ್ನುವ ಪ್ರಶ್ನೆಗೆ ಬೆಲ್ಜಿಯಂನ ಫ್ಲಾಂಡರ್ಸ್ ನನ್ನ ಮೆಚ್ಚಿನ ಉದಾಹರಣೆ. 2018ರ ಮೇ ತಿಂಗಳಲ್ಲಿ ಅಲ್ಲಿ ಸುಮಾರು 20,000 ಜನ ತಮ್ಮ ಮನೆಯ ರಸ್ತೆ ಕಡೆಯ ಕಿಟಕಿಗೆ ಪುಟ್ಟ ಕೊಳವೆಗಳನ್ನು ಕಟ್ಟಿ, ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅನಿಲವನ್ನು ಅಳೆದರು. ಕರೆಂಟ್ ಇಲ್ಲ, ಚಿಪ್ ಇಲ್ಲ. ಕೊಳವೆಯೊಳಗಿನ ರಾಸಾಯನಿಕ ಆ ಅನಿಲವನ್ನು ಹೀರಿಕೊಳ್ಳುತ್ತದೆ, ಆಮೇಲೆ ಪ್ರಯೋಗಾಲಯದಲ್ಲಿ ಲೆಕ್ಕ ಮಾಡುತ್ತಾರೆ. ಆಂಟ್‌ವರ್ಪ್ ವಿಶ್ವವಿದ್ಯಾಲಯ, ಅಲ್ಲಿನ ಪರಿಸರ ಇಲಾಖೆ, ಒಂದು ದಿನಪತ್ರಿಕೆ ಸೇರಿ ನಡೆಸಿದ ಕೆಲಸ ಅದು. ಎರಡೂ ಕಡೆ ಎತ್ತರದ ಕಟ್ಟಡ ಇರುವ ಇಕ್ಕಟ್ಟು ರಸ್ತೆಗಳಲ್ಲಿ ಹೊಗೆ ಹೊರಗೆ ಹೋಗದೆ ನಿಲ್ಲುತ್ತದೆ ಅನ್ನುವುದು ಮ್ಯಾಪಿನ ಮೇಲೆ ಎದ್ದು ಕಂಡಿತು. ಒಂದು ರಸ್ತೆಗೂ ಪಕ್ಕದ ರಸ್ತೆಗೂ ಎಷ್ಟು ವ್ಯತ್ಯಾಸ ಇರಬಹುದು ಅಂತ ಜನ ತಮ್ಮ ಮನೆ ನಂಬರ್ ಹುಡುಕಿ ನೋಡಿದರು.

ಜಪಾನಿನ ಫುಕುಶಿಮಾ ಅಣುಸ್ಥಾವರ ದುರಂತವಾದ 2011ರಲ್ಲಿ ಹುಟ್ಟಿದ ಸೇಫ್‌ಕಾಸ್ಟ್ ಅನ್ನುವ ಗುಂಪು ಕೂಡ ಇದನ್ನೇ ಮಾಡಿತು. ಸ್ವಯಂಸೇವಕರು ವಿಕಿರಣ ಅಳೆಯುವ ಸಾಧನವನ್ನು ಕಾರಿಗೆ ಕಟ್ಟಿಕೊಂಡು ಊರೂರು ಓಡಾಡಿದರು. 5 ಸೆಕೆಂಡಿಗೆ ಒಂದು ರೀಡಿಂಗ್. ಹೀಗೆ ಸೇರಿದ್ದು ಇವತ್ತು 10 ಕೋಟಿ ದಾಟಿದೆ, ಯಾರು ಬೇಕಾದರೂ ಬಳಸಬಹುದು. ಆಗ ಜನ ಕೇಳುತ್ತಿದ್ದುದು ಜಿಲ್ಲೆಯ ಸರಾಸರಿಯನ್ನಲ್ಲ. ನಮ್ಮ ಮನೆ ಮುಂದೆ, ನಮ್ಮ ಮಕ್ಕಳ ಶಾಲೆ ಹತ್ತಿರ ಹೇಗಿದೆ ಅಂತ.

ಸದ್ದಿನ ವಿಷಯದಲ್ಲಿ ಬಾರ್ಸಿಲೋನಾದ ಪ್ಲಾಸಾ ದೆಲ್ ಸೋಲ್ ಅನ್ನುವ ಚೌಕವನ್ನು ನೆನೆಯಬೇಕು. ರಾತ್ರಿಯೆಲ್ಲ ಅಲ್ಲಿ ಸೇರುವ ಜನರ ಗಲಾಟೆಗೆ ಸುತ್ತಲಿನ ನಿವಾಸಿಗಳಿಗೆ ನಿದ್ದೆ ಇರಲಿಲ್ಲ. ದೂರು ಹಳೆಯದು. ಬಾಲ್ಕನಿಗಳಲ್ಲಿ ಸ್ಮಾರ್ಟ್ ಸಿಟಿಜನ್ ಕಿಟ್ ಅನ್ನುವ ಸಣ್ಣ ಸೆನ್ಸರ್ ಸಾಧನ ಇಟ್ಟು ರಾತ್ರಿಯ ಸದ್ದನ್ನು ಅಳೆದ ಮೇಲೆ ನಗರಾಡಳಿತದ ಜೊತೆಗಿನ ಮಾತಿನ ಧಾಟಿಯೇ ಬದಲಾಯಿತು. ಯಾವ ಹೊತ್ತಿಗೆ ಎಷ್ಟು ಏರುತ್ತದೆ ಅಂತ ಮುಂದಿಟ್ಟು ಮಾತಾಡಬಹುದಿತ್ತು. ನಿದ್ದೆಗೆಟ್ಟವರ ಮಾತನ್ನು ನಂಬಲು ಗ್ರಾಫ್ ಬೇಕಾಯಿತಲ್ಲ ಅಂತ ನನಗೆ ಬೇಸರವೂ ಇದೆ. ಆದರೆ ಬೇಕಾಗುತ್ತದೆ, ಅದು ವಾಸ್ತವ.

ಸದ್ದು ಅಳೆಯುವವರಿಗೆ ಒಂದು ಮಾತು. ಡೆಸಿಬೆಲ್ ಲೆಕ್ಕ ನಮ್ಮ ಮಾಮೂಲಿ ಲೆಕ್ಕ ಅಲ್ಲ. 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ 10 ಪಟ್ಟು ಏರುತ್ತದೆ. ಅರ್ಧ ಗಂಟೆ 60, ಅರ್ಧ ಗಂಟೆ 80 ಇದ್ದರೆ ಆ ಗಂಟೆಯ ಸರಾಸರಿ 70 ಅಲ್ಲ, ಸುಮಾರು 77. ಎಕ್ಸೆಲ್‌ನಲ್ಲಿ ಸುಮ್ನೆ ಸರಾಸರಿ ತೆಗೆದರೆ ನಿಮ್ಮ ಕಷ್ಟವನ್ನು ನೀವೇ ಕಡಿಮೆ ಮಾಡಿ ಹೇಳಿದಂತಾಗುತ್ತದೆ.

ಗಾಳಿ ಅಳೆಯುವವರೂ ಒಂದು ವಿಷಯ ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ಕ್ಕೆ ಹೇಳಿದ ಮಿತಿ ವರ್ಷದ ಸರಾಸರಿಗೆ ಘನ ಮೀಟರಿಗೆ 5 ಮೈಕ್ರೋಗ್ರಾಂ, 24 ಗಂಟೆಯ ಸರಾಸರಿಗೆ 15. ಒಂದು ನಿಮಿಷದ ರೀಡಿಂಗನ್ನು ಇವುಗಳ ಪಕ್ಕ ಇಟ್ಟು "ಮಿತಿಗಿಂತ ಹತ್ತು ಪಟ್ಟು!" ಅಂತ ಹಾಕಬೇಡಿ. ಒಲೆಯ ಹೊಗೆ ಹೋಗುವ ಕಿಟಕಿ, ಏಸಿ ಗಾಳಿ ಬೀಸುವ ಜಾಗ ಬಿಟ್ಟು ಸೆನ್ಸರ್ ಇಡಿ. ಉಷ್ಣತೆ ಅಳೆಯುವುದಾದರೆ ನೇರ ಬಿಸಿಲು ಬೀಳಬಾರದು. ಯಾವಾಗ ಇಟ್ಟಿದ್ದು, ಯಾವಾಗ ಜಾಗ ಬದಲಿಸಿದ್ದು, ಯಾವಾಗ ದೂಳು ಒರೆಸಿದ್ದು ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಬೇಸರದ ಕೆಲಸ ಇದು. ಆದರೆ ಅಧಿಕಾರಿಯೊಬ್ಬರ ಎದುರು ಕೂತಾಗ ಕೈ ಹಿಡಿಯುವುದು ಈ ಪುಸ್ತಕವೇ.

ನನ್ನನ್ನು ಕಾಡುವ ಸಂಗತಿ ಬೇರೆಯೇ ಇದೆ. ಸೆನ್ಸರ್ ಇಡಲು ಸ್ವಂತ ಬಾಲ್ಕನಿ ಬೇಕು, ವೈಫೈ ಬೇಕು, ಬಿಡುವು ಬೇಕು. ಹಾಗಾಗಿ ಅಮೆರಿಕದಲ್ಲಿ ಇವು ಅನುಕೂಲವಂತರ ಬಡಾವಣೆಗಳಲ್ಲೇ ಜಾಸ್ತಿ ಇವೆ ಅಂತ ಅಧ್ಯಯನಗಳು ಹೇಳಿವೆ. ಹೆದ್ದಾರಿ ಪಕ್ಕ, ಕಾರ್ಖಾನೆ ಗೋಡೆಗೆ ಒತ್ತಿಕೊಂಡು ಬದುಕುವವರ ಜಾಗ ಮ್ಯಾಪಿನಲ್ಲಿ ಖಾಲಿ. ಖಾಲಿ ಜಾಗ ನೋಡಿದವರಿಗೆ ಅಲ್ಲಿ ತೊಂದರೆ ಇಲ್ಲ ಅನ್ನಿಸಿಬಿಡುತ್ತದೆ. ನಾವು ಸೆನ್ಸರ್ ಕೊಳ್ಳುವಾಗ ಎರಡು ಕೊಂಡು, ಇನ್ನೊಂದನ್ನು ಅಂಥ ಜಾಗದ ಮನೆಯವರನ್ನು ಕೇಳಿ, ಅವರು ಒಪ್ಪಿದರೆ ಅಲ್ಲಿ ಇಡುವುದು ನನಗೆ ಸರಿಯಾದ ದಾರಿ ಅನ್ನಿಸುತ್ತದೆ. ಡೇಟಾ ಮೊದಲು ಅವರ ಕೈಗೆ ಸಿಗಬೇಕು.

ಸರ್ಕಾರಗಳಿಂದ, ನಗರಾಡಳಿತಗಳಿಂದ ನಾನು ಕೇಳುವುದು ದೊಡ್ಡ ಯೋಜನೆ ಏನಲ್ಲ. ಪ್ರತಿ ಅಧಿಕೃತ ಮಾಪನ ಕೇಂದ್ರದ ಪಕ್ಕದಲ್ಲಿ ಒಂದು ಕಂಬ, ಒಂದು ಪ್ಲಗ್ ಪಾಯಿಂಟ್ ಕೊಡಿ. ನಿವಾಸಿಗಳು ತಮ್ಮ ಸೆನ್ಸರ್ ತಂದು ಎರಡು ವಾರ ಅಲ್ಲಿ ನೇತುಹಾಕಲಿ. ಕೇಂದ್ರದ ಗಂಟೆಗಂಟೆಯ ಡೇಟಾವನ್ನು ಡೌನ್‌ಲೋಡ್ ಮಾಡುವ ಹಾಗೆ ಇಡಿ. ಎರಡನ್ನೂ ಹೋಲಿಸಿ ತಿದ್ದುವ ಲೆಕ್ಕವನ್ನು ಜನರೇ ಮಾಡಿಕೊಳ್ಳುತ್ತಾರೆ. ಹೀಗೆ ಹೋಲಿಸಿ ನೋಡಲು ಜಾಗವನ್ನೇ ಕೊಡದೆ, ಆಮೇಲೆ "ನಿಮ್ಮ ಡೇಟಾ ನಂಬಲು ಆಗುವುದಿಲ್ಲ" ಅನ್ನುವುದು ನ್ಯಾಯ ಅಲ್ಲ.

ನಿಮ್ಮಲ್ಲಿ ಯಾರಾದರೂ ನಿಮ್ಮ ಊರಿನಲ್ಲಿ ಇಂಥ ಮನವಿ ಬರೆಯುವುದಾದರೆ ಹೇಳಿ. ತಾಂತ್ರಿಕ ಭಾಗ ಬರೆಯಲು ನಾನು ಕೈಜೋಡಿಸುತ್ತೇನೆ.